ತಾರಸಿಯ ಮೇಲೆ ನನ್ನ ಕೂದಲು

ತಾಂತ್ರಿಕ ವಿಶ್ವವಿದ್ಯಾಲಯ, ಬಫಲೋ
ಮಾರ್ಚ್ ೧೯೩೧

ಪ್ರೊಫೆಸರ್ ವಿಟ್‌ಕೂಂಬ್ ಅವರಿಗೆ,

ಹವಾಮಾನ ವಿಭಾಗದ ಸಂಶೋಧನಾ ವಿದ್ಯಾರ್ಥಿನಿಯ ವಂದನೆಗಳು.

ನಿನ್ನೆ ತಾರಸಿಯ ಕೀಲಿಕೈ ಕೇಳಿದಾಗ ತಾವು, "ಗಾಳಿಗೆ ಲಂಗ ಹಾರುತ್ತೆ ಕಣಮ್ಮ, ಹುಡುಗ್ರು ಮೋಡ ನೋಡೋದು ಬಿಟ್ಟು ನಿನ್ನ ನೋಡ್ತಾರೆ" ಎಂದಿರಿ. "ಹಾಗಾದ್ರೆ ಹುಡುಗ್ರನ್ನ ಕೆಳಗಿಳಿಸಿ ಸಾರ್" ಎಂದೆ. ತಾವು ನಕ್ಕುಬಿಟ್ಟಿರಿ.

ತಾರಸಿಯ ಮೇಲಿನ ತೇವಮಾಪಕದೊಳಗೆ ಬಿಗಿದಿರುವುದು ನನ್ನ ತಲೆಗೂದಲು. ಗಾಳಿಯಲ್ಲಿ ತೇವ ಹೆಚ್ಚಾದರೆ ಅದು ಉದ್ದವಾಗಿ ಮುಳ್ಳನ್ನು ತಿರುಗಿಸುತ್ತದೆ. ಹುಡುಗರ ಎಣ್ಣೆ ಮೆತ್ತಿದ ಮೋಟುಗೂದಲು ಕಟ್ಟಿದಾಗ ಜಪ್ಪಯ್ಯ ಅಂದರೂ ಮುಳ್ಳು ಅಲುಗಲಿಲ್ಲವೆಂದು, ತಾವೇ ಕತ್ತರಿ ಹಿಡಿದು ನನ್ನ ಮೇಜಿಗೆ ಬಂದಿದ್ದಿರಿ. ಅಂದಿನಿಂದ ನನ್ನ ಕೂದಲು ಹಿಮ, ಮಳೆ ಎನ್ನದೆ ಮೇಲೆ ದುಡಿಯುತ್ತಿದೆ. ನಾನು ಕೆಳಗೆ ಕೂತು, ಹುಡುಗರು ತಂದ ಅಂಕಿಗಳಿಗೆ ಗೆರೆ ಎಳೆಯುತ್ತಿದ್ದೇನೆ. ಆ ನಕ್ಷೆಗಳ ಮೇಲೆ ಅವರ ಹೆಸರು.

ಸೋಮವಾರದೊಳಗೆ ಕೀಲಿಕೈ ಕೊಡಿ. ಷರಾಯಿ ಹೊಲಿಸಿಕೊಂಡಿದ್ದೇನೆ, ಲಂಗದ ಚಿಂತೆ ತಮಗೆ ಬೇಡ. ಕೊಡುವುದಿಲ್ಲವಾದರೆ ನನ್ನ ಕೂದಲನ್ನು ಬಿಚ್ಚಿ ಕಳಿಸಿ. ಮತ್ತೆ ಕತ್ತರಿ ತಂದು ಪ್ರಯೋಜನವಿಲ್ಲ. ಇಂದು ಬೆಳಿಗ್ಗೆ ಕ್ಷೌರದಂಗಡಿಗೆ ಹೋಗಿ, ಹುಡುಗರ ಹಾಗೇ ಮೋಟಾಗಿ ಕತ್ತರಿಸಿಕೊಂಡು, ತಲೆತುಂಬ ಎಣ್ಣೆ ಮೆತ್ತಿಸಿಕೊಂಡು ಬಂದಿದ್ದೇನೆ.

ಇಂತಿ,
ವಿಧೇಯಳು ಎಂದು ಬರೆಯಲು ಕೈ ಬಾರದ
ಲೊವೀಸಾ ಎಂಗ್ಡಾಲ್