ಎರಡು ಮೀಟರ್ ನೆರಳು

ಮೇ 6, ಬೆಳಿಗ್ಗೆ

ಮತ್ತೆ ಲೇಟ್! ಮದುವೆಯಾಗಿ ಎಪ್ಪತ್ತೊಂದು ದಿನ, ಎಪ್ಪತ್ತೊಂದು ದಿನವೂ ಲೇಟ್. ನನ್ನ ಗಂಡ ಥನ್ವಾ ಬೂಟಿನ ಲೇಸ್ ಕಟ್ಟಿಸಿಕೊಳ್ಳಲು ಕಾಲು ಚಾಚಿ ಕೂರುತ್ತಾನೆ — ಮಹಾರಾಜ! ಅವನ ಸೈಟ್ ನಮ್ಮ ಹಿತ್ತಲಿನ ಬೇಲಿಯಾಚೆ. ನನ್ನ ಆಫೀಸು ಬ್ಯಾಂಕಾಕಿನ ಆ ತುದಿ. ಹೊಸ ರಾಯಭಾರ ಕಚೇರಿಯ ಆವರಣ: ಗೋಡೆಯ ನಕ್ಷೆ ನಾನು ಬರೆಯುತ್ತೇನೆ, ಅವನು ಕಟ್ಟಿಸುತ್ತಾನೆ. ಇದಕ್ಕಿಂತ ರೊಮ್ಯಾಂಟಿಕ್ ಏನಿದೆ? ನಾಲ್ಕೂವರೆ ಮೀಟರ್ ಕಾಂಕ್ರೀಟು, ಬಾಂಬಿಗೂ ಬಗ್ಗದ್ದು. ನಮ್ಮ ಮೊದಲ ಮಗು!

ಮೇ 9

ಅತ್ತೆ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಹಿತ್ತಲಿನಲ್ಲಿ ಭೂಮಿದೇವರ ಪುಟ್ಟ ಗುಡಿ, ದಿನಾ ಊದುಬತ್ತಿ, ನೈವೇದ್ಯಕ್ಕೆ ಕೆಂಪು ಸೋಡಾ. ಅದರ ಮೇಲೆ ಕಟ್ಟಡದ ನೆರಳು ಬೀಳಬಾರದು ಅನ್ನೋದು ಇಲ್ಲಿನ ನಂಬಿಕೆ. ನನ್ನ ಗೋಡೆಯದು ಬೀಳುತ್ತದೆ.

“ನನ್ನ ಸೊಸೆ ಇಂಗ್ಲಿಷಲ್ಲಿ ಓದಿದೋಳು. ದೇವರಿಗೂ ಇಂಗ್ಲಿಷಲ್ಲೇ ಸಾರಿ ಹೇಳ್ತಾಳೆ ಬಿಡಿ.” ಪಕ್ಕದ ಮನೆಯವರಿಗೆ, ನನಗೆ ಕೇಳುವ ಹಾಗೆ.

ಕಂಪ್ಯೂಟರಿನಲ್ಲಿ ಸೂರ್ಯನನ್ನು ಓಡಿಸಿ ನೋಡಿದೆ. ಗೋಡೆ ಎರಡು ಮೀಟರ್ ಆಚೆ ಸರಿದರೆ, ಅತ್ತೆ ಪೂಜೆಗೆ ನಿಲ್ಲುವ ಒಂಬತ್ತು ಗಂಟೆಗೆ ಗುಡಿ ಬಿಸಿಲಲ್ಲಿ. ಎರಡೇ ಎರಡು!

ಮೇ 10

ಸರಿಸಿಬಿಟ್ಟೆ. ನಕ್ಷೆಯಲ್ಲಿ ಏನು ಬದಲಾದರೂ ಅದರ ಸುತ್ತ ಮೋಡದಂಥ ಗೆರೆ ಎಳೆದು, ತಾರೀಖು, ಹೆಸರು ಹಾಕಬೇಕು. ಹಾಕಿದರೆ ಭದ್ರತೆಯವರ ಒಪ್ಪಿಗೆ, ಹೊಸದಾಗಿ ಮಣ್ಣಿನ ಪರೀಕ್ಷೆ... ಮೂರು ತಿಂಗಳು. ಹಾಕಲಿಲ್ಲ. ಸೈಟಿಗೆ ಹೋಗುವ ನಕ್ಷೆಯ ಪ್ರತಿಯನ್ನು ಥನ್ವಾ ಕೈಗೆ ನಾನೇ ಕೊಟ್ಟೆ.

“ಏನಾದ್ರೂ ಚೇಂಜ್ ಇದ್ಯಾ, ಮೊಕ್?” ಅಂದ.

“ಮೋಡ ಕಾಣ್ತಿದ್ಯಾ?”

“ಇಲ್ಲ.”

“ಮತ್ತೆ?” ಮೂಗು ಹಿಂಡಿದೆ.

ಅತ್ತೆಗೆ ಇಷ್ಟೇ ಹೇಳಿದೆ — ನೆರಳು ಬೀಳಲ್ಲ. ಹೇಗೆ ಅಂತ ಹೇಳಲಿಲ್ಲ. ಮುಖ ಅರಳಿತು. ಮಾವಿನಹಣ್ಣು, ಅಂಟನ್ನ, ಮೇಲೆ ಕಾಯಿಹಾಲು. ಬೇಲಿಯಾಚೆ ಕೈ ತೋರಿಸಿ, “ಅಲ್ಲಿ ಕಾಲುವೆ ಇತ್ತು ಕಣೇ. ನಾನು ಈಜು ಕಲಿತಿದ್ದು ಅಲ್ಲೇ. ಆಮೇಲೆ ಮುಚ್ಚಿಬಿಟ್ರು.” ಎಷ್ಟು ಸ್ವೀಟ್!

ಜೂನ್ 11

ಮೂರು ದಿನದಿಂದ ಮಳೆ. ಗೋಡೆಯ ಪಾಯ ಅಗೆಯುತ್ತಿದ್ದಾರೆ. ನನ್ನ ಹೇರ್‌ಬ್ಯಾಂಡಿನ ಹಳದಿ ದಾರವನ್ನೇ ಥನ್ವಾನ ಬೂಟಿಗೆ ಲೇಸ್ ಮಾಡಿ ಎರಡು ಗಂಟು ಹಾಕಿದೆ. “ಸೈಟಲ್ಲಿ ನನ್ನ ಮಾನ ಹೋಗತ್ತೆ ಮೊಕ್” ಅಂದ. ಬಿಚ್ಚಲಿಲ್ಲ.

ಜೂನ್ 12, ಮಧ್ಯಾಹ್ನ 3

ಪಾಯದ ಬದಿ ಕುಸಿಯಿತು. ಕಪ್ಪು ಕೆಸರು. ನಾನು ಸರಿಸಿದ ಆ ಎರಡು ಮೀಟರಿನಡಿ, ಮುಚ್ಚಿದ್ದ ಕಾಲುವೆಯ ಕೆಸರು. ಥನ್ವಾ ಇಬ್ಬರು ಕೆಲಸಗಾರರನ್ನು ಮೇಲೆ ತಳ್ಳಿದನಂತೆ. ಅವನು ಕೆಳಗೇ.

ಸಂಜೆ

ಲೇಸ್ ನೋಡಿ ಗುರುತು ಹಿಡಿದೆ.

ಜೂನ್ 24

ಅವನ ಬೂದಿ ವಿಹಾರದ ಸ್ತೂಪದೊಳಗೆ ಸೇರಿತು. ನಮ್ಮ ಆಫೀಸಿನ ಬಾಸ್ ಆದಿಸೋನ್ ಬಂದಿದ್ದರು.

“ಒಪ್ಪಿಗೆಯಾದ ನಕ್ಷೇಲಿ ಗೋಡೆ ಎರಡು ಮೀಟರ್ ಈಚೆ ಇದೆ. ಥನ್ವಾ ಅವರೇ ತಪ್ಪಾಗಿ ಅಗೆಸಿದ್ರು ಅಂತ ವರದಿ ಆಗತ್ತೆ. ಮನಸ್ಸಿಗೆ ಹಚ್ಕೋಬೇಡಿ ಮೊಕ್. ನಿಮಗೆ, ಆಫೀಸಿಗೆ ಏನೂ ಬರಲ್ಲ.”

ನಾನು ಬದಲಾಯಿಸಿ ಕೊಟ್ಟ ನಕ್ಷೆ ಕೆಸರಿನೊಳಗೆ. ಇನ್ನೊಂದು ನನ್ನ ಲ್ಯಾಪ್‌ಟಾಪಿನಲ್ಲಿ ಮಾತ್ರ.

ಅತ್ತೆ ಅವರಿಗೆ ನೀರು ಕೂಡ ಕೊಡಲಿಲ್ಲ. “ಅಳತೆ ತಪ್ಪೋ ಮಗ ಅಲ್ಲ ಅವನು. ಅಲ್ವೇನೇ? ನೀನಾದ್ರೂ ಹೇಳೇ.”

ಒಳಗೆ ಹೋಗಿ ಲ್ಯಾಪ್‌ಟಾಪ್ ಮುಚ್ಚಿಟ್ಟೆ.

ಜೂನ್ 25, ಬೆಳಿಗ್ಗೆ 9

ಗೋಡೆ ಎದ್ದಿಲ್ಲ. ಗುಡಿಯ ಮೇಲೆ ಪೂರ್ತಿ ಬಿಸಿಲು. ಅತ್ತೆ ಸೋಡಾ ಇಡುವುದನ್ನು ನಿಲ್ಲಿಸಿದ್ದಾರೆ. ಅಪಘಾತದ ವಿಚಾರಣೆ ಹನ್ನೊಂದಕ್ಕೆ.

ಫೈಲ್ ತೆರೆದೆ. ಎರಡು ಮೀಟರಿನ ಸುತ್ತ ಮೋಡ ಎಳೆದೆ. ಬದಲಾದ ತಾರೀಖು: ಮೇ 10. ಬದಲಾಯಿಸಿದವರು: ನನ್ನ ಪೂರ್ತಿ ಹೆಸರು. ಪ್ರಿಂಟ್ ಮೇಜಿನ ಮೇಲಿದೆ.

ಅತ್ತೆ ಹಿಂದೆ ಬಂದು ನಿಂತಿದ್ದಾರೆ.

“ಏನೇ ಅದು, ಮೋಡದ ಥರ?”

“ಅತ್ತೆ, ಅದು ನಾನು...”