ಹಾಜರಿ ಪುಸ್ತಕದಲ್ಲಿ ಇಲ್ಲದವರು

೨೦ ಫೆಬ್ರವರಿ ೧೯೫೧, ಮಂಗಳವಾರ. ಸುಂಟಿಕೊಪ್ಪ.

ಇವತ್ತು ಜನಗಣತಿಯಲ್ಲಿ ಸೋಮಾರಿತನ ಮಾಡಿದೆ. ಕಾಫಿ ತೋಟದ ಲೆಕ್ಕ ಬರೆಯುವ ರೈಟರ್ ಸಣ್ಣಸ್ವಾಮಿ, "ಎಲ್ರೂ ಪಿಕ್ಕಿಂಗಿಗೆ ಹೋಗವ್ರೆ ಮೇಷ್ಟ್ರೇ, ನನ್ನ ಹಾಜರಿ ಪುಸ್ತಕ ನೋಡ್ಕಂಡು ಬರ್ಕೊಳ್ಳಿ" ಅಂದ. ತಲೆಗೊಂದು ಗಣತಿ ಚೀಟಿಯಂತೆ ಅರವತ್ತೆರಡು ಆಳುಗಳ ಹೆಸರು ಬರೆದುಕೊಂಡು ಎದ್ದೆ.

ಹೊರಗೆ ಬಂದರೆ, ಆಳುಗಳ ಮನೆಗಳಿರುವ ಕೂಲಿ ಲೈನಿನ ಜಗಲಿಯಲ್ಲಿ ಒಬ್ಬ ಮುದುಕಿ. ಸುತ್ತ ಏಳು ಮಕ್ಕಳು, ತೊಡೆಯ ಮೇಲೊಂದು ಹಸುಗೂಸು. ಇವರು ಯಾರೂ ಆ ಪುಸ್ತಕದಲ್ಲಿಲ್ಲ. ಹೆಸರು ಕೇಳಿದೆ.

"ಜವರಿ ಅಂತಾರೆ. ಆದ್ರೆ ನಾನು ಕೆಲ್ಸ ಬಿಟ್ಟು ಐದು ವರ್ಸ ಆಯ್ತು ಸ್ವಾಮಿ. ನನ್ನೆಸ್ರು ಯಾಕೆ?" ಅಂದಳು.

ಅವರಲ್ಲಿ ಒಬ್ಬರ ಹೆಸರನ್ನೂ ಬರೆಯದೆ ಬಂದುಬಿಟ್ಟೆ. ಆ ನಾಚಿಕೆ ಇನ್ನೂ ಹೋಗಿಲ್ಲ.

ಬರೆದ ಚೀಟಿಗಳನ್ನೆಲ್ಲ ಪಕ್ಕಕ್ಕಿಟ್ಟಿದ್ದೇನೆ. ನಾಳೆ ಕೆಲಸದ ಗಂಟೆ ಹೊಡೆಯುವ ಮೊದಲೇ ಹೋಗಿ ಒಂದೊಂದು ಬಾಗಿಲನ್ನೂ ತಟ್ಟುತ್ತೇನೆ. ರೈಟರ್ ಏನಾದರೂ ಅಂದುಕೊಳ್ಳಲಿ. ಮೊದಲ ಚೀಟಿ ಜವರಿಯದು. ಎರಡನೆಯದು ಆ ಕೂಸಿನದು, ಇನ್ನೂ ಹೆಸರಿಟ್ಟಿರದಿದ್ದರೂ.