ಹಲಗೆಯ ಮೇಲಿನ ಅಮ್ಮ

ತಂಗೀ,

ನೀನು ಎಲ್ಲಿದ್ದೀಯೋ, ಈ ಪತ್ರಕ್ಕೆ ವಿಳಾಸವಿಲ್ಲ. ದೇವರಿಗೆ ದೀಪ ಹಚ್ಚಿದ ಮೇಲೂ ಒಳಗಿನ ಉರಿ ಆರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ಮಗಳ ಶಾಲೆಯಲ್ಲಿ ಮಕ್ಕಳ ಇಂಗ್ಲಿಷ್ ಬರವಣಿಗೆ ಸುಧಾರಿಸುತ್ತಾರಂತೆ. ಹೇಗೆ ಗೊತ್ತೇ? ‘ನನ್ನ ಅಮ್ಮ’ ಎಂದು ಟೀಚರು ಹಲಗೆಯ ಮೇಲೆ ಹತ್ತು ವಾಕ್ಯ ಬರೆಯುತ್ತಾರೆ, ನಲವತ್ತು ಮಕ್ಕಳೂ ಅದನ್ನೇ ಇಳಿಸಿಕೊಳ್ಳುತ್ತಾರೆ. ನಿನ್ನ ಮಗಳು ಹಲಗೆ ನೋಡದೆ ತಾನೇ ನಾಲ್ಕು ಸಾಲು ಬರೆದಳು. ಸೊನ್ನೆ ಬಂತು. ಇವತ್ತು ಹೋಗಿ ಕೇಳಿದೆ.

“ಅಲ್ಲಾ ಟೀಚರೇ, ನಲವತ್ತು ಮಕ್ಕಳಿಗೂ ಒಬ್ಬಳೇ ತಾಯಿನಾ?”

“ಮೊದ್ಲು ತಪ್ಪಿಲ್ದೆ ಬರೆಯೋದು ಕಲೀಲಿ ಅಮ್ಮಾ. ಸ್ವಂತದ್ದು ಆಮೇಲೆ.”

“ಇವ್ಳು ಏನ್ ಬರ್ದಿದಾಳೆ, ಅದನ್ನಾದ್ರೂ ಹೇಳಿ.”

ಟೀಚರು ಕನ್ನಡದಲ್ಲಿ ಹೇಳಿದರು: ‘ನನ್ನ ಅಮ್ಮ ಹೋದಳು. ಅವಳ ಚಪ್ಪಲಿ ಬಾಗಿಲ ಹಿಂದೆ ಇದೆ. ದೊಡ್ಡಮ್ಮ ದಿನಾ ಎಸೆಯುತ್ತೇನೆ ಅನ್ನುತ್ತಾಳೆ. ದಿನಾ ಒರೆಸಿಡುತ್ತಾಳೆ.’

ಜಗಳಕ್ಕೆ ಹೋದವಳು ಆ ಪುಸ್ತಕ ಸೆರಗಿನಲ್ಲಿ ಸುತ್ತಿಕೊಂಡು ಮನೆಗೆ ಬಂದೆ.

ಈಗ ಹಲಗೆಯದನ್ನೇ ಬರೆದು ತರಬೇಕಂತೆ. ಪಕ್ಕದ ಹುಡುಗಿಯ ಪುಸ್ತಕ ನೋಡಿ ಇಳಿಸುತ್ತಿರುವ ನಿನ್ನ ಮಗಳು ತಲೆಯೆತ್ತಿ ಕೇಳುತ್ತಾಳೆ: “ದೊಡ್ಡಮ್ಮಾ, ಈ ಅಮ್ಮ ಎಲ್ಲೂ ಹೋಗಲ್ವಾ?”

ಅವತ್ತು ನಿನಗೆ ಮನೆ ಬಿಟ್ಟು ಹೋಗು ಎಂದವಳನ್ನೇ ಕೇಳುತ್ತಾಳಲ್ಲ, ಏನು ಹೇಳಲಿ?